ಅಗ್ಗದ ಶಿಫ್ಟರ್ ಮತ್ತು ಆಗುಂಬೆಯಾಚೆಯ ರಾತ್ರಿ: ಒಂದು ಪ್ರಕರಣ ಅಧ್ಯಯನ

ರೋಡ್ ಬೈಕ್‌ಗೆ ಹೊಸ ಗೇರ್ ಸಾಮಾನು ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ. ಚೀನಾದ ಅಗ್ಗದ ಸೆಟ್ ಸಾಕೇ, ಶಿಮಾನೊದಂಥ ಹಳೆಯ ಕಂಪನಿಯದ್ದೇ ಆಗಬೇಕೇ? ಉತ್ತರ ಕೊಡುವವರು ಸಾಮಾನ್ಯವಾಗಿ ಗೇರ್ ಎಷ್ಟು ನಯವಾಗಿ ಬೀಳುತ್ತದೆ, ತೂಕ ಎಷ್ಟು, ಬೆಲೆ ಎಷ್ಟು ಎಂದು ಹೋಲಿಸುತ್ತಾರೆ. ಹಾಗೆ ಹೋಲಿಸಿದರೆ ಮುಖ್ಯವಾದ ಸಂಗತಿಯೇ ಬಿಟ್ಟುಹೋಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ನಮ್ಮ ಸೈಕಲ್ ಬಳಗದ ಒಬ್ಬ ಸವಾರರಿಗೆ ಆದದ್ದನ್ನು ಆದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು, ವರ್ಷ ಬಿಟ್ಟಿದ್ದೇನೆ. ಅಗ್ಗದ ಸೆಟ್ ಮಾಡಿದ ಕಂಪನಿಯ ಹೆಸರನ್ನೂ ಹೇಳುವುದಿಲ್ಲ, ಏಕೆಂದರೆ ಅಂಥದ್ದು ಯಾವ ಕಂಪನಿಯ ಸೆಟ್‌ನಲ್ಲಾದರೂ ಆಗಬಹುದಿತ್ತು.

ಹಿನ್ನೆಲೆ

ಸವಾರರು ಮಲೆನಾಡಿನ ಅಂಚಿನ ಒಂದು ಊರಿನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವರು. ವಯಸ್ಸು ನಲವತ್ತು ದಾಟಿದೆ. ಅವರ ಬಳಿ ಇದ್ದದ್ದು ಅಲ್ಯುಮಿನಿಯಂ ಚೌಕಟ್ಟಿನ, ಹಿಂದೆ 8 ಗೇರ್ ಇರುವ, ಪ್ರಸಿದ್ಧ ಕಂಪನಿಯ ಅತಿ ಕೆಳಗಿನ ದರ್ಜೆಯ ಸಾಮಾನು ಹಾಕಿದ ರೋಡ್ ಬೈಕ್. ಅದೇ ಬೈಕ್‌ನಲ್ಲಿ 200 ಮತ್ತು 300 ಕಿಲೋಮೀಟರ್‌ಗಳ ಬ್ರೆವೆ ಎಂಬ ದೂರದ ಸೈಕಲ್ ಸವಾರಿಗಳನ್ನು ಮುಗಿಸಿದ್ದರು. ಬ್ರೆವೆಯಲ್ಲಿ ಪೈಪೋಟಿ ಇಲ್ಲ, ಗಡುವು ಇದೆ: 200ಕ್ಕೆ 13.5 ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ನವೆಂಬರ್‌ನಿಂದ ಅಕ್ಟೋಬರ್‌ವರೆಗಿನ ಒಂದೇ ಋತುವಿನಲ್ಲಿ ಈ ನಾಲ್ಕನ್ನೂ ಮುಗಿಸಿದವರನ್ನು ಸೂಪರ್ ರಾಂಡನರ್ ಎನ್ನುತ್ತಾರೆ. ಅವರ ಗುರಿ ಅದು.

ಅಡ್ಡಿಯಾಗಿದ್ದುದು ಘಟ್ಟ. ಮುಂದೆ, ಪೆಡಲ್ ಬಳಿ, 50 ಮತ್ತು 34 ಹಲ್ಲುಗಳ ಎರಡು ಚಕ್ರ, ಹಿಂದೆ 11ರಿಂದ 28 ಹಲ್ಲುಗಳವರೆಗಿನ ಎಂಟು ಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್. ಅತಿ ಹಗುರ ಗೇರ್‌ನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಬೈಕ್ ಸುಮಾರು 2.6 ಮೀಟರ್ ಮುಂದೆ ಹೋಗುತ್ತದೆ. ಸೋಮೇಶ್ವರದಿಂದ ಆಗುಂಬೆಗೆ ಏರುವ ದಾರಿಯ 14 ಹೇರ್‌ಪಿನ್ ತಿರುವುಗಳಲ್ಲಿ ವೇಗ ಗಂಟೆಗೆ 7 ಕಿಲೋಮೀಟರ್‌ಗೆ ಇಳಿದಾಗ ಆ ಗೇರ್‌ನಲ್ಲಿ ನಿಮಿಷಕ್ಕೆ 45 ಸುತ್ತು ಮಾತ್ರ ತುಳಿಯಲಾಗುತ್ತದೆ. ಅಷ್ಟು ನಿಧಾನಕ್ಕೆ, ಅಷ್ಟು ಬಲ ಹಾಕಿ ತುಳಿದರೆ ಪೆಟ್ಟು ಬೀಳುವುದು ಮಂಡಿಗೆ. ಅವರ ಎಡ ಮಂಡಿ ಆಗಲೇ ನೋಯತೊಡಗಿತ್ತು.

ಮುಂದಿದ್ದ ದಾರಿಗಳು

ಎಲ್ಲಕ್ಕಿಂತ ಸುಲಭದ ದಾರಿ, 8 ಗೇರ್‌ನ್ನೇ ಇಟ್ಟುಕೊಂಡು 11-32ರ ಕ್ಯಾಸೆಟ್ ಹಾಕುವುದು. ಖರ್ಚು ಬಹಳ ಕಡಿಮೆ. ಅದನ್ನು ಅವರು ಬೇಡವೆಂದದ್ದಕ್ಕೆ ಒಳ್ಳೆಯ ಕಾರಣವಿತ್ತು. 8 ಚಕ್ರಗಳನ್ನೇ 32ರವರೆಗೆ ಹಿಗ್ಗಿಸಿದಾಗ ನಡುವಿನ ಅಂತರ ಹೆಚ್ಚಾಗಿ, 15 ಹಲ್ಲಿನ ಚಕ್ರದಿಂದ ನೇರ 18ಕ್ಕೆ ಹಾರಬೇಕಾಗುತ್ತದೆ. ಅದು ಶೇ 20ರ ಜಿಗಿತ. ಚಿತ್ರದುರ್ಗದ ಕಡೆಯ ಬಯಲಿನಲ್ಲಿ ಎದುರು ಗಾಳಿಗೆ ಗಂಟೆಗಟ್ಟಲೆ ತುಳಿಯುವವರಿಗೆ ಒಂದು ಗೇರ್ ಭಾರ, ಪಕ್ಕದ್ದು ತೀರಾ ಹಗುರ ಎನ್ನಿಸುವ ಜಾಗ ಅದು.

11 ಗೇರ್‌ನ 11-34 ಕ್ಯಾಸೆಟ್ ಅವರ ಮನಸ್ಸಿಗೆ ಬಂದದ್ದು ಆಗ. ಅದರ ಹಲ್ಲುಗಳ ಪಟ್ಟಿ 11, 13, 15, 17, 19, 21, 23, 25, 27, 30, 34. ಅವರ ಹಳೆಯ ಕ್ಯಾಸೆಟ್‌ನ ಮೊದಲ ಆರು ಚಕ್ರಗಳೂ 11ರಿಂದ 21ರವರೆಗೆ ಹೀಗೆಯೇ ಇದ್ದವು. ಬಯಲಿನಲ್ಲಿ ಕಾಲಿಗೆ ಅಭ್ಯಾಸವಾಗಿದ್ದ ಅಂತರ ಒಂದಿಷ್ಟೂ ಬದಲಾಗದೆ, ಘಟ್ಟಕ್ಕೆ ಶೇ 18ರಷ್ಟು ಹಗುರವಾದ ಗೇರ್ ಸಿಗುತ್ತಿತ್ತು. ಇನ್ನೊಂದು ಅನುಕೂಲವೂ ಇತ್ತು. 11 ಗೇರ್‌ನ ರೋಡ್ ಕ್ಯಾಸೆಟ್‌ಗಳು ಸಾಮಾನ್ಯವಾಗಿ ಹಳೆಯ 8, 9, 10 ಗೇರ್‌ಗಳ ಹಬ್ಬಿನ (ಗಾಲಿಯ ನಡುವಿನ, ಕ್ಯಾಸೆಟ್ ಕೂರುವ ತುಂಡಿನ) ಮೇಲೆ ಕೂರುವುದಿಲ್ಲ, ಹೊಸ ಹಬ್ 1.85 ಮಿಲಿಮೀಟರ್ ಹೆಚ್ಚು ಉದ್ದ. ಆದರೆ ಶಿಮಾನೊದ 11-34 ಹಳೆಯ ಹಬ್ಬಿನ ಮೇಲೂ ಕೂರುತ್ತದೆ. ಹಿಂದಿನ ಗಾಲಿಯನ್ನೇ ಬದಲಿಸುವ ಖರ್ಚು ಉಳಿಯಿತು. ಹೆಚ್ಚಿನವರು ‘ಎಷ್ಟು ಗೇರ್’ ಎಂದು ಕೇಳಿ ನಿಲ್ಲುತ್ತಾರೆ, ಇವರು ಯಾವ ಹಲ್ಲಿನ ಪಕ್ಕ ಯಾವ ಹಲ್ಲು ಎಂದು ಕಾಗದದ ಮೇಲೆ ಬರೆದು ನೋಡಿದರು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಆದ ನಿರ್ಧಾರ ಇದೇ.

ಕ್ಯಾಸೆಟ್ 11 ಎಂದಾದ ಮೇಲೆ ಶಿಫ್ಟರ್, ಅಂದರೆ ಗೇರ್ ಬದಲಿಸುವ ಕೈ ಲಿವರ್ ಕೂಡ 11 ಆಗಲೇಬೇಕು. ಪ್ರಸಿದ್ಧ ಕಂಪನಿಯ ಹೊಸ ಶಿಫ್ಟರ್, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೈಲರ್‌ಗಳ ಬೆಲೆ ಅವರ ಬೈಕ್‌ನ ಅಂದಿನ ಬೆಲೆಯನ್ನೇ ಮುಟ್ಟುತ್ತಿತ್ತು. ಚೀನಾದ ಸೆಟ್‌ಗೆ ಅದರ ಮೂರನೇ ಒಂದು ಭಾಗ ಸಾಕಿತ್ತು. ಈ ಬೆಲೆಯ ಅಂತರಕ್ಕೆ ಹಿನ್ನೆಲೆ ಇದೆ. ಬೆರಳಿಗೆ ‘ಟಕ್’ ಎಂದು ತಿಳಿಯುವಂತೆ ಒಂದೊಂದೇ ಗೇರ್ ಬೀಳುವ ವ್ಯವಸ್ಥೆಯನ್ನು ಶಿಮಾನೊ ತನ್ನ ಡ್ಯುರಾ-ಏಸ್ ಸೆಟ್‌ನಲ್ಲಿ 1984ರಲ್ಲಿ ತಂದಿತು. 1990ರಲ್ಲಿ ಅದನ್ನು ಬ್ರೇಕ್ ಲಿವರ್‌ನ ಒಳಗೇ ಸೇರಿಸಿತು. ಇಟಲಿಯ ಕಂಪಾನ್ಯೊಲೊ 1992ರಲ್ಲಿ ತನ್ನದನ್ನು ತಂದಿತು, ಅಮೆರಿಕದ ಶ್ರ್ಯಾಮ್ ಅದಾದ ಹತ್ತು ವರ್ಷಗಳಿಗೂ ಹೆಚ್ಚು ಕಾಲದ ಮೇಲೆ ಬಂತು. ಆ ಮೊದಲ ವಿನ್ಯಾಸಗಳ ಪೇಟೆಂಟ್ ಅವಧಿ ಮುಗಿದಿದೆ, ಚೀನಾ ಮತ್ತು ತೈವಾನಿನ ಹಲವು ಕಾರ್ಖಾನೆಗಳು ಈಗ ಅದೇ ಕೆಲಸವನ್ನು ತಮ್ಮದೇ ರೀತಿಯಲ್ಲಿ ಮಾಡುತ್ತಿವೆ. ಅಗ್ಗ ಎಂದ ಮಾತ್ರಕ್ಕೆ ಅವು ಕಳಪೆಯಲ್ಲ.

ಇನ್ನೂ ಉಳಿಸೋಣವೆಂದು, ಹಳೆಯ ಹಿಂಬದಿ ಡಿರೈಲರ್ ಇಟ್ಟುಕೊಂಡು ಶಿಫ್ಟರ್ ಮಾತ್ರ ಕೊಳ್ಳುವ ಯೋಚನೆಯೂ ಅವರಿಗಿತ್ತು. ತಡೆದವರು ಬಳಗದ ಬೈಕ್‌ಗಳನ್ನೆಲ್ಲ ನೋಡಿಕೊಳ್ಳುವ ಮೆಕ್ಯಾನಿಕ್. “ಟೀಚರ್, ನೀವೇ ಗುಣಿಸಿ ನೋಡಿ” ಎಂದು ಅವರು ಎರಡು ಅಂಕಿ ಕೊಟ್ಟರು. 11 ಗೇರ್‌ನ ಶಿಫ್ಟರ್ ಒಂದು ಕ್ಲಿಕ್‌ಗೆ ಸುಮಾರು 2.7 ಮಿಲಿಮೀಟರ್ ಕೇಬಲ್ ಎಳೆಯುತ್ತದೆ. ಹಳೆಯ 8 ಗೇರ್‌ನ ಡಿರೈಲರ್ ಎಳೆದ ಉದ್ದದ 1.7 ಪಟ್ಟು ಸರಿಯುತ್ತದೆ. ಗುಣಿಸಿದರೆ 4.6. ಆದರೆ 11 ಗೇರ್‌ನ ಕ್ಯಾಸೆಟ್‌ನಲ್ಲಿ ಒಂದು ಚಕ್ರದಿಂದ ಇನ್ನೊಂದಕ್ಕೆ ಇರುವ ದೂರ 3.7ರ ಆಸುಪಾಸು. ನಾಲ್ಕೈದು ಕ್ಲಿಕ್ ಆಗುವಷ್ಟರಲ್ಲಿ ಇಡೀ ಒಂದು ಚಕ್ರದಷ್ಟು ಲೆಕ್ಕ ತಪ್ಪುತ್ತದೆ. 11 ಗೇರ್‌ನ ಡಿರೈಲರ್‌ನಲ್ಲಿ ಆ ಪಟ್ಟು ಸುಮಾರು 1.4, ಹಾಗಾಗಿ ಲೆಕ್ಕ ಕೂಡುತ್ತದೆ. ಶಿಫ್ಟರ್‌ನ್ನೂ ಡಿರೈಲರ್‌ನ್ನೂ ಜೋಡಿಯಾಗಿಯೇ ನೋಡಬೇಕೆಂದು ಹಿರಿಯ ಸವಾರರು ಹೇಳುವುದರ ಹಿಂದೆ ಇರುವುದು ಈ ಗುಣಾಕಾರ.

ಕೊನೆಗೆ ಶಿಫ್ಟರ್ ಮತ್ತು ಎರಡೂ ಡಿರೈಲರ್ ಅಗ್ಗದ ಸೆಟ್‌ನವು, ಕ್ಯಾಸೆಟ್ ಮತ್ತು ಚೈನ್ ಪ್ರಸಿದ್ಧ ಕಂಪನಿಯವು, ಪೆಡಲ್ ತೋಳು ಮತ್ತು ಮುಂದಿನ ಹಲ್ಲುಚಕ್ರಗಳಿರುವ ಕ್ರ್ಯಾಂಕ್, ಬ್ರೇಕ್ ಎರಡೂ ಹಳೆಯವೇ ಎಂದು ನಿರ್ಧಾರವಾಯಿತು.

ಸೆಟ್ ಬಂದ ದಾರಿಯನ್ನೂ ಹೇಳಬೇಕು, ಮುಂದೆ ಅದೇ ದೊಡ್ಡ ಪ್ರಶ್ನೆಯಾಯಿತು. ಇಂಥ ಸಾಮಾನು ಜಗತ್ತಿನ ಉಳಿದೆಡೆ ಹೆಚ್ಚಾಗಿ ಮಾರಾಟವಾಗುವುದು ಚೀನಾದ ಆನ್‌ಲೈನ್ ಮಾರುಕಟ್ಟೆ ಅಲಿಎಕ್ಸ್‌ಪ್ರೆಸ್‌ನಲ್ಲಿ. 2020ರ ನವೆಂಬರ್‌ನಲ್ಲಿ ಭಾರತ ಸರ್ಕಾರ ನಿರ್ಬಂಧಿಸಿದ 43 ಆ್ಯಪ್‌ಗಳಲ್ಲಿ ಅದೂ ಒಂದು. ಆದ್ದರಿಂದ ಸೆಟ್ ಬಂದದ್ದು ಸಿಂಗಪುರದಿಂದ ರಜೆಗೆ ಊರಿಗೆ ಬಂದ ಭಾವನವರ ಪೆಟ್ಟಿಗೆಯಲ್ಲಿ. ಗ್ಯಾರಂಟಿ ಕಾಗದವೇನೋ ಜೊತೆಯಲ್ಲಿತ್ತು, ಅದನ್ನು ಹಿಡಿದುಕೊಂಡು ಹೋಗಲು ಅಂಗಡಿ ಇರಲಿಲ್ಲ.

ಮೊದಲ ತಿಂಗಳುಗಳು

ಜೋಡಿಸಿದ ದಿನದಿಂದಲೇ ಹಿಂದಿನ ಗೇರ್ ಚೆನ್ನಾಗಿ ಕೆಲಸ ಮಾಡಿತು. ಅವರ ಕೈ ಚಿಕ್ಕದು. ಹಳೆಯ ಲಿವರ್‌ನ್ನು ಹಿಡಿಯಲು ಬೆರಳು ಚಾಚಬೇಕಾಗುತ್ತಿತ್ತು, ಹೊಸದರಲ್ಲಿ ಸ್ಕ್ರೂ ತಿರುಗಿಸಿ ಅದನ್ನು ಹತ್ತಿರ ತಂದುಕೊಂಡದ್ದರಿಂದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವ ಧೈರ್ಯ ಬಂತು. ಮುಂದಿನ ಗೇರ್ ಮಾತ್ರ ಸ್ವಲ್ಪ ತಡವರಿಸುತ್ತಿತ್ತು. 8 ಗೇರ್‌ನ ಚೈನ್ ಸುಮಾರು 7 ಮಿಲಿಮೀಟರ್ ಅಗಲ, 11ರದ್ದು ಐದೂವರೆ. ಅಗಲದ ಚೈನಿಗೆಂದು ಮಾಡಿದ ಹಳೆಯ ಕ್ರ್ಯಾಂಕ್‌ನ ಮೇಲೆ ತೆಳು ಚೈನ್ ಹತ್ತುವಾಗ ಒಂದು ಕ್ಷಣ ನಡುವೆ ತೂಗಾಡುತ್ತದೆ. ಇದು ಅವರಿಗೆ ಗೊತ್ತಿತ್ತು, ಒಗ್ಗಿಕೊಂಡರು. ಹೊಸ ಋತುವಿನ 200, 300 ಎರಡೂ ಮುಗಿದವು. ಮಂಡಿ ನೋವು ಕಡಿಮೆಯಾಯಿತು.

ಅನಂತರ ಒಂದು ದಿನ ಹಿಂದಿನ ಗೇರ್ ಕದಡಿತು. ಚಿಕ್ಕ ಚಕ್ರಗಳಲ್ಲಿ ಸರಿ, ದೊಡ್ಡ ಚಕ್ರಗಳಿಗೆ ಬಂದರೆ ಕಟಕಟ ಸದ್ದು. ಬಳಗದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಅಗ್ಗದ ಸಾಮಾನು, ಇಷ್ಟೇ ಬಾಳಿಕೆ. ಅವರೂ ಹಾಗೆಯೇ ನಂಬಿ, ಸೆಟ್ ಮಾರಿಬಿಡಲು ಹೊರಟಿದ್ದರು. ಮೆಕ್ಯಾನಿಕ್ ಕೇಳಿದ್ದು ಮಾತ್ರ ಬೇರೆಯೇ ಪ್ರಶ್ನೆ: “ಇತ್ತೀಚೆಗೆ ಬೈಕ್ ಎಲ್ಲಿಗಾದರೂ ಸಾಗಿಸಿದ್ದಿರಾ?” ಹಿಂದಿನ ವಾರ ಬಸ್ಸಿನ ಲಗೇಜ್ ಗೂಡಿನಲ್ಲಿ ಮಲಗಿಸಿ ತಂದಿದ್ದರು, ಡಿರೈಲರ್ ಇರುವ ಬಲಬದಿ ಕೆಳಗಾಗಿ. ಡಿರೈಲರ್ ತೂಗುವ ಹ್ಯಾಂಗರ್ ಎಂಬ ಪುಟ್ಟ ತುಂಡು ಒಳಮುಖವಾಗಿ ಬಾಗಿತ್ತು. ಅಳತೆಕೋಲು ಹಾಕಿ ನೆಟ್ಟಗೆ ಮಾಡಿದ ಕೂಡಲೇ ಗೇರ್ ಮೊದಲಿನಂತಾಯಿತು.

ಈ ಪ್ರಕರಣದ ಮೊದಲ ತಿರುವು ಇದು. ಬಾಗಿದ ಹ್ಯಾಂಗರ್ ಎಷ್ಟೇ ದುಬಾರಿ ಡಿರೈಲರ್‌ನ್ನೂ ಕೆಡಿಸುತ್ತದೆ. ಸಾಮಾನು ಅಗ್ಗದ್ದಾದಾಗ ಬೇರೆ ಕಾರಣ ಹುಡುಕುವ ತಾಳ್ಮೆಯೇ ನಮಗೆ ಉಳಿಯುವುದಿಲ್ಲ. ಪ್ರಸಿದ್ಧ ಕಂಪನಿಯ ಹೆಸರಿದ್ದರೆ ಮೊದಲು ಹ್ಯಾಂಗರ್ ನೋಡುತ್ತೇವೆ, ಕೇಬಲ್ ನೋಡುತ್ತೇವೆ, ಅಪರಿಚಿತ ಹೆಸರಿದ್ದರೆ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ. ಎಷ್ಟೋ ಒಳ್ಳೆಯ ಸೆಟ್‌ಗಳು ಹೀಗೆ ಅನ್ಯಾಯವಾಗಿ ಮೂಲೆ ಸೇರಿವೆ ಎಂದು ನನಗೆ ಖಂಡಿತವಾಗಿ ಅನ್ನಿಸುತ್ತದೆ.

ಅದೇ ದಿನ ಮೆಕ್ಯಾನಿಕ್ ಇನ್ನೊಂದು ಮಾತನ್ನೂ ಆಡಿದ್ದರು. ಒಳಗಿನ ಗೇರ್ ಕೇಬಲ್ ಬದಲಿಸಿಬಿಡೋಣ, ಲಿವರ್‌ನ ಒಳಗೆ ಅದು ತುಂಬ ಬಿಗಿಯಾಗಿ ಬಾಗುತ್ತದೆ ಎಂದು. 400 ಹತ್ತಿರದಲ್ಲಿತ್ತು. ಈಗಷ್ಟೇ ಸರಿಯಾದ ಗೇರ್‌ನ್ನು ಮತ್ತೆ ಬಿಚ್ಚುವುದು ಬೇಡ, 400 ಮುಗಿಸಿಕೊಂಡು ಬರುತ್ತೇನೆ ಎಂದು ಅವರು ಮುಂದೂಡಿದರು. ಆ ಹೊತ್ತಿಗೆ ಅದು ಯಾರಿಗೂ ಅವಿವೇಕ ಅನ್ನಿಸಲಿಲ್ಲ.

400ರ ರಾತ್ರಿ

ಆಗುಂಬೆ ಘಟ್ಟ ಹತ್ತಿದ್ದಾಗಿತ್ತು. 34ರ ಚಕ್ರ ಕೈಕೊಡಲಿಲ್ಲ, ಒಮ್ಮೆಯೂ ಇಳಿದು ತಳ್ಳಲಿಲ್ಲ. ತೀರ್ಥಹಳ್ಳಿ ದಾಟಿದ ಮೇಲೆ ನಡುರಾತ್ರಿಯಲ್ಲಿ ಬಲಗೈ ಲಿವರ್ ಸಡಿಲವಾಯಿತು. ಒತ್ತಿದರೆ ಕ್ಲಿಕ್ ಇಲ್ಲ. ಚೈನ್ ಜಾರಿ ಹಿಂದಿನ ಅತಿ ಚಿಕ್ಕ ಚಕ್ರ 11ಕ್ಕೆ ಬಿದ್ದು ಅಲ್ಲೇ ಉಳಿಯಿತು. ಮುಂದಿದ್ದದ್ದು ಏರಿಳಿತದ ನೂರಕ್ಕೂ ಹೆಚ್ಚು ಕಿಲೋಮೀಟರ್. ಮುಂದೆ 34, ಹಿಂದೆ 11 ಎಂದರೆ ಒಂದು ಸುತ್ತಿಗೆ ಆರೂವರೆ ಮೀಟರ್, ಮಲೆನಾಡಿನ ದಿಬ್ಬಗಳಿಗೆ ಒಗ್ಗುವ ಗೇರ್ ಅಲ್ಲ.

ಬಿಟ್ಟುಬಿಡುವುದೇ, ಮುಂದುವರಿಯುವುದೇ? ಜೊತೆಯಲ್ಲಿದ್ದ ಸವಾರರು ವಾಹನ ಕರೆಸೋಣ ಎಂದರು. ನಮ್ಮ ಟೀಚರ್ ಹೆಡ್‌ಲೈಟಿನ ಬೆಳಕಿನಲ್ಲಿ ಕುಳಿತು ಯೋಚಿಸಿದರು. ಲಿವರ್ ಸತ್ತಿದೆ, ಡಿರೈಲರ್ ಬದುಕಿದೆ. ಡಿರೈಲರ್‌ಗೆ ಬೇಕಾದದ್ದು ಯಾವುದಾದರೂ ಒಂದು ಸ್ಥಾನದಲ್ಲಿ ಬಿಗಿಯಾಗಿ ನಿಂತ ಕೇಬಲ್ ಮಾತ್ರ. ಕೇಬಲ್ ಹಿಡಿದಿರುವ ಬೋಲ್ಟ್‌ನ್ನು ಅಲನ್ ಕೀಯಿಂದ ಸಡಿಲಿಸಿ, ಡಿರೈಲರ್‌ನ್ನು ಕೈಯಿಂದ 21 ಹಲ್ಲಿನ ಚಕ್ರದ ಕೆಳಗೆ ತಂದು, ಕೇಬಲ್ ಎಳೆದು ಮತ್ತೆ ಬಿಗಿದರು. ಬೈಕ್ ಈಗ ಎರಡು ಗೇರ್‌ನದ್ದಾಯಿತು: ದಿಬ್ಬಕ್ಕೆ 34-21, ಸಮತಟ್ಟಿಗೆ 50-21. ಎರಡನೆಯದರಲ್ಲಿ ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 24 ಕಿಲೋಮೀಟರ್ ಸಾಗುತ್ತದೆ, ಗಡುವಿಗೆ ಅದು ಸಾಕು. 19 ಅಥವಾ 17 ಹಿಡಿದಿದ್ದರೆ ಬಯಲಿನಲ್ಲಿ ವೇಗ ಸಿಗುತ್ತಿತ್ತು, ದಿಬ್ಬದಲ್ಲಿ ಮಂಡಿ ಹೋಗುತ್ತಿತ್ತು. ಅವರು ಮಂಡಿಯನ್ನು ಆರಿಸಿಕೊಂಡರು.

27 ಗಂಟೆಯ ಗಡುವಿಗೆ ಅರ್ಧ ಗಂಟೆಗಿಂತ ಕಡಿಮೆ ಉಳಿದಿರುವಾಗ ಮುಗಿಸಿದರು. ಅವರ ಬಗ್ಗೆ ನನಗೆ ಅಪಾರ ಗೌರವ ಮೂಡಿದ ರಾತ್ರಿ ಅದು.

ಲಿವರ್ ಬಿಚ್ಚಿದಾಗ

ಒಳಗೆ ಕೇಬಲ್‌ನ ಕೆಲವು ಎಳೆಗಳು ತುಂಡಾಗಿ ಕ್ಲಿಕ್ ಕೊಡುವ ಹಲ್ಲುಗಳ ನಡುವೆ ಸಿಕ್ಕಿಕೊಂಡಿದ್ದವು. ಹಲ್ಲನ್ನು ಹಿಡಿದು ನಿಲ್ಲಿಸುವ ಪುಟ್ಟ ಕೊಂಡಿ ಮುರಿದಿತ್ತು. ಎಳೆ ಸಿಕ್ಕಿ ಲಿವರ್ ಬಿಗಿಯಾದಾಗ ಬಲ ಹಾಕಿ ಒತ್ತಿದ್ದರಿಂದ ಕೊಂಡಿ ಮುರಿದಿದೆ ಎಂಬುದು ಮೆಕ್ಯಾನಿಕ್ ಅವರ ತೀರ್ಮಾನ. ಕೇಬಲ್ ಹೀಗೆ ಲಿವರ್‌ನ ಒಳಗೆ ಸವೆದು ಎಳೆ ಬಿಡುವುದು ದುಬಾರಿ ಲಿವರ್‌ಗಳಲ್ಲೂ ಆಗುತ್ತದೆ. ಕೇಬಲ್‌ನ್ನು ಹ್ಯಾಂಡಲ್‌ಬಾರ್ ಪಟ್ಟಿಯ ಕೆಳಗೆ ಅಡಗಿಸಲು ಹೋಗಿ ಎಲ್ಲ ಕಂಪನಿಗಳೂ ಅದನ್ನು ಒಳಗೆ ಬಿಗಿಯಾಗಿ ಬಗ್ಗಿಸಿವೆ. ಗೇರ್ ಸ್ವಲ್ಪ ಸೋಮಾರಿಯಾದಂತೆ ತೋರುವುದೇ ಮೊದಲ ಸೂಚನೆ. ಆ ಸೂಚನೆ ಇವರಿಗೂ ಬಂದಿರಬಹುದು, ಹ್ಯಾಂಗರ್‌ನ ಗಲಾಟೆಯಲ್ಲಿ ಅದು ಬೇರೆಯಾಗಿ ಕೇಳಿಸಲಿಲ್ಲ.

ಅಂದರೆ ಈ ಮುರಿತಕ್ಕೆ ಅಗ್ಗದ ತಯಾರಿಕೆಯೊಂದನ್ನೇ ದೂರುವುದು ನ್ಯಾಯವಲ್ಲ. ಎರಡು ಬಗೆಯ ಸಾಮಾನಿನ ನಿಜವಾದ ವ್ಯತ್ಯಾಸ ಕಂಡದ್ದು ಮರುದಿನದಿಂದ.

ಕೊಂಡಿ ಬಿಡಿಭಾಗವಾಗಿ ಸಿಗುವುದಿಲ್ಲ. ಇದರಲ್ಲಿ ಪ್ರಸಿದ್ಧ ಕಂಪನಿಗಳೂ ಹೆಚ್ಚೇನೂ ಉದಾರಿಗಳಲ್ಲ, ಶಿಮಾನೊ ಲಿವರ್ ಒಳಗೆ ಮುರಿದರೆ ಸಾಮಾನ್ಯವಾಗಿ ಇಡೀ ಲಿವರ್‌ನ್ನೇ ಬದಲಿಸಬೇಕು. ಆದರೆ ಅಲ್ಲಿ ಬಲಗೈಯ ಲಿವರ್ ಒಂದನ್ನೇ ಕೊಳ್ಳಬಹುದು, ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿದರೆ ಕೊರಿಯರ್‌ನಲ್ಲಿ ಬರುತ್ತದೆ. ಇವರ ಸೆಟ್ ಸಿಗುವುದು ಜೋಡಿಯಾಗಿ ಮಾತ್ರ, ಅದೂ ಭಾವನವರು ಮತ್ತೆ ರಜೆಗೆ ಬಂದಾಗ. ಮಾರಾಟಗಾರರಿಗೆ ಕಳುಹಿಸಿದ ಸಂದೇಶಕ್ಕೆ ಉತ್ತರ ಬರಲಿಲ್ಲ. 600ರ ದಿನ ಕಳೆದುಹೋಯಿತು. ಅವರು ಸವಾರಿ ಮಾಡಬಹುದಾದ ದೂರದಲ್ಲಿ ಆ ಋತುವಿಗೆ ಬೇರೆ 600 ಇರಲಿಲ್ಲ. 200, 300, 400 ಮುಗಿಸಿದ್ದರೂ ಆ ವರ್ಷದ ಗುರಿ ಕೈತಪ್ಪಿತು. ಮೂರನೇ ಎರಡು ಭಾಗ ಉಳಿಸಿದ ಹಣದ ಎದುರು ಇಡಬೇಕಾದ ಖರ್ಚು ಇದು, ಯಾವ ಬೆಲೆಪಟ್ಟಿಯಲ್ಲೂ ಇದು ಕಾಣಿಸುವುದಿಲ್ಲ.

ಎರಡನೆಯ ಆಯ್ಕೆ

ಈಗ ಎಲ್ಲವನ್ನೂ ಕಿತ್ತು ಪ್ರಸಿದ್ಧ ಕಂಪನಿಯದ್ದನ್ನೇ ಹಾಕಿ ಎಂದವರು ಹಲವರು. ಇನ್ನೊಂದು ಅಗ್ಗದ ಸೆಟ್ ತರಿಸಿ ಒಂದನ್ನು ಮೀಸಲಿಡಿ ಎಂದವರೂ ಇದ್ದರು, ಆ ಸಲಹೆಯಲ್ಲೂ ಅರ್ಥವಿತ್ತು. ಮೆಕ್ಯಾನಿಕ್ ಮೊದಲು ಒಂದು ಪರೀಕ್ಷೆ ಮಾಡಿದರು. ಗೆಳೆಯರೊಬ್ಬರ ಬೈಕ್‌ನ ಶಿಮಾನೊ 11 ಗೇರ್‌ನ ಬಲ ಲಿವರ್‌ನಿಂದ ಕೇಬಲ್ ತಂದು ಅಗ್ಗದ ಡಿರೈಲರ್‌ಗೆ ಜೋಡಿಸಿ, ಸ್ಟ್ಯಾಂಡಿನ ಮೇಲೆ ಹನ್ನೊಂದೂ ಗೇರ್ ಹಾಕಿ ನೋಡಿದರು. ಎಲ್ಲವೂ ಸರಿಯಾಗಿ ಬಿದ್ದವು. ಈ ಡಿರೈಲರ್‌ಗೆ ಅದೇ ಕೇಬಲ್ ಲೆಕ್ಕವನ್ನು ಇಟ್ಟಿದ್ದರು. ಎಲ್ಲ ಅಗ್ಗದ ಡಿರೈಲರ್‌ಗಳೂ ಹಾಗಿರುವುದಿಲ್ಲ, ಆದ್ದರಿಂದ ಪರೀಕ್ಷಿಸದೆ ಕೊಳ್ಳಬಾರದು.

“ಅಣ್ಣಾ, ಹಾಗಾದರೆ ಲಿವರ್ ಮಾತ್ರ ಬದಲಿಸಿದರೆ ಸಾಕೇ?” ಎಂದು ಸವಾರರು ಕೇಳಿದರು. ಸಾಕಾಗಿತ್ತು. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಗೇರ್‌ಗೆ ಬದಲಾದ ಸವಾರರೊಬ್ಬರಿಂದ ಶಿಮಾನೊ 105 ದರ್ಜೆಯ ಹಳೆಯ ಜೋಡಿ ಲಿವರ್ ಸಿಕ್ಕಿತು. ಅಗ್ಗದ ಡಿರೈಲರ್‌ಗಳು ಹಾಗೆಯೇ ಉಳಿದವು. ಇದು ಮನಸ್ಸಿಗೆ ಒಪ್ಪುವ ಹಂಚಿಕೆ. ಡಿರೈಲರ್ ಎಂಬುದು ಸ್ಪ್ರಿಂಗ್ ಇರುವ ನಾಲ್ಕು ಕೀಲುಗಳ ಚೌಕಟ್ಟು, ಕೇಬಲ್ ಎಳೆದಲ್ಲಿಗೆ ಹೋಗುತ್ತದೆ. ಕ್ಲಿಕ್, ಅಳತೆ, ಸವೆಯುವ ಸೂಕ್ಷ್ಮ ಭಾಗಗಳೆಲ್ಲ ಲಿವರ್‌ನಲ್ಲಿವೆ. ಹಣ ಹಾಕುವುದಿದ್ದರೆ ಅಲ್ಲಿ ಹಾಕಬೇಕು. ಮೊದಲ ಸೆಟ್‌ನ ಬೆಲೆಯನ್ನೂ ಕೂಡಿದರೆ ಒಟ್ಟು ಖರ್ಚು ಹೊಸ ಸೆಟ್‌ನ ಬೆಲೆಯ ಮುಕ್ಕಾಲು ಭಾಗದೊಳಗೇ ಇತ್ತು.

ಮರುವರ್ಷ ನಾಲ್ಕೂ ಮುಗಿದವು. ಕೇಬಲ್‌ನ್ನು ಋತು ಆರಂಭವಾಗುವ ಮೊದಲೇ ಬದಲಿಸುವುದು ಈಗ ಅವರ ಪಟ್ಟಿಯಲ್ಲಿದೆ. ಬೈಕ್‌ನ್ನು ಬಸ್ಸಿನಲ್ಲಿ ಬಲಬದಿ ಮೇಲಾಗಿ ಮಲಗಿಸುತ್ತಾರೆ, ಚೀಲದಲ್ಲಿ ಒಂದು ಹ್ಯಾಂಗರ್ ಇಟ್ಟಿರುತ್ತಾರೆ.

ಹೆಸರಿಗೆ ಕೊಡುವ ಹಣ

ಪ್ರಸಿದ್ಧ ಕಂಪನಿಯ ಸಾಮಾನು ಮುರಿಯುವುದೇ ಇಲ್ಲ ಎಂದು ಯಾರೂ ಭಾವಿಸಬೇಕಿಲ್ಲ. 2019ರ ಜುಲೈಗೆ ಮೊದಲು ತಯಾರಾದ 11 ಗೇರ್‌ನ ಅಲ್ಟೆಗ್ರಾ ಮತ್ತು ಡ್ಯುರಾ-ಏಸ್ ಕ್ರ್ಯಾಂಕ್‌ಗಳಲ್ಲಿ ಅಂಟಿಸಿದ ಭಾಗಗಳು ಬಿಡುವ ಅಪಾಯವಿದೆಯೆಂದು ಶಿಮಾನೊ 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಅವು ಆ ಕಂಪನಿಯ ಅತಿ ದುಬಾರಿ ದರ್ಜೆಗಳು. ಆದರೆ ಯಾವ ಸಂಖ್ಯೆಯ ಕ್ರ್ಯಾಂಕ್, ಎಲ್ಲಿ ತಪಾಸಣೆ ಮಾಡಿಸಬೇಕು ಎಂಬುದನ್ನು ತಿಳಿಸಿ, ಅಂಟು ಬಿಟ್ಟ ಲಕ್ಷಣ ಕಂಡವನ್ನು ಬದಲಿಸಿಕೊಡುವ ವ್ಯವಸ್ಥೆಯೂ ಅದರೊಂದಿಗೆ ಬಂತು. ನಾವು ಹೆಸರಿಗೆ ಕೊಡುವ ಹೆಚ್ಚಿನ ಹಣದಲ್ಲಿ ಬಹುಪಾಲು ಹೋಗುವುದು ಇಂಥದ್ದಕ್ಕೆ: ತಪ್ಪಾದಾಗ ಬಾಗಿಲು ತಟ್ಟಲು ಒಂದು ವಿಳಾಸ, ಬಿಡಿಯಾಗಿ ಸಿಗುವ ಲಿವರ್, ಎಲ್ಲರಿಗೂ ದೊರೆಯುವ ಕೈಪಿಡಿ, ಯಾವುದರ ಜೊತೆ ಯಾವುದು ಹೊಂದುತ್ತದೆ ಎಂಬ ಪಟ್ಟಿ.

ಆ ವಿಳಾಸ ಎಲ್ಲರಿಗೂ ಒಂದೇ ಅಳತೆಯಲ್ಲಿ ಬೇಕಾಗುವುದಿಲ್ಲ. ಬೆಂಗಳೂರಿನಲ್ಲಿ ಭಾನುವಾರ ನಂದಿ ಬೆಟ್ಟಕ್ಕೆ ಹೋಗಿಬರುವವರಿಗೆ ಅಗ್ಗದ ಲಿವರ್ ಮುರಿದರೆ ಒಂದು ಕ್ಯಾಬ್‌ನ ಖರ್ಚು, ಒಂದು ವಾರದ ಬೇಸರ. ಅಂಥವರು ಧೈರ್ಯವಾಗಿ ಅಗ್ಗದ್ದನ್ನೇ ಕೊಳ್ಳಲಿ. ವರ್ಷಕ್ಕೊಮ್ಮೆ ಬರುವ 600ಕ್ಕಾಗಿ ಹನ್ನೊಂದು ತಿಂಗಳು ಸಿದ್ಧವಾಗುವವರು, ಅದರಲ್ಲೂ ಸಣ್ಣ ಊರಿನವರು, ಲಿವರ್‌ನ ಮಟ್ಟಿಗಾದರೂ ಹಾಗೆ ಮಾಡಬಾರದು. ದೊಡ್ಡ ನಗರದಿಂದ ದೂರ ಇದ್ದಷ್ಟೂ ಅಗ್ಗದ ಸಾಮಾನು ದುಬಾರಿಯಾಗುತ್ತ ಹೋಗುತ್ತದೆ. ದುಃಖದ ಸಂಗತಿಯೆಂದರೆ ಅದನ್ನು ಹೆಚ್ಚಾಗಿ ಕೊಳ್ಳಬೇಕಾಗಿ ಬರುವುದು ಅಲ್ಲಿರುವವರಿಗೇ.

ಈ ಪ್ರಕರಣದ ನಂತರ ನಮ್ಮ ಮೆಕ್ಯಾನಿಕ್ ಸೆಟ್ ಬದಲಿಸಲು ಬಂದವರಿಗೆ ಮೊದಲು ಎರಡು ಪ್ರಶ್ನೆ ಕೇಳುತ್ತಾರೆ: ನಿಮಗೆ ಯಾವ ಗೇರ್ ಸಾಲುತ್ತಿಲ್ಲ? ಬಲ ಲಿವರ್ ಒಂದೇ ಮುರಿದರೆ ಎಷ್ಟು ದಿನದಲ್ಲಿ ತರಿಸಬಲ್ಲಿರಿ? ಕಳೆದ ತಿಂಗಳು ಬಂದ ಯುವಕನೊಬ್ಬ ಚೀನಾದ 12 ಗೇರ್ ಸೆಟ್‌ನ ಚಿತ್ರ ತೋರಿಸಿದ. ಅವನು ದಿನವೂ ಕಚೇರಿಗೆ ಹೋಗಿ ಬರುತ್ತಾನೆ, ದಾರಿಯಲ್ಲಿ ಒಂದು ಕಡಿದಾದ ಏರು ಇದೆ, ಅಲ್ಲಿ ಮಾತ್ರ ಕಷ್ಟ. ಅವನ 8 ಗೇರ್‌ನ ಡಿರೈಲರ್‌ಗೆ 32 ಹಲ್ಲು ತಡೆಯುವ ಉದ್ದ ಇತ್ತು. 11-32 ಕ್ಯಾಸೆಟ್, ಹೊಸ ಚೈನ್, ಹೊಸ ಕೇಬಲ್ ಹಾಕಿ ಕಳುಹಿಸಲಾಯಿತು.